ಶ್ರೀಕಾರದ ಅಕ್ಕಪಕ್ಕದ ಗೀಟು

ನನ್ನ ಬದುಕಿನಲ್ಲಿ ನಾನು ಅಲಂಕರಿಸಿದ ಅಧಿಕಾರದ ಹುದ್ದೆ ಒಂದೇ ಒಂದು. ಅದು ದ್ವಾರಪಾಲಕನ ಹುದ್ದೆ. ಗರ್ಭಗುಡಿಯ ಆಚೀಚೆ ಗದೆ ಹಿಡಿದು, ಕಣ್ಣು ಬಿಟ್ಟುಕೊಂಡು ನಿಂತಿರುತ್ತಾರಲ್ಲ, ಅವರ ಕುಲದ ಕೆಲಸ. ವ್ಯತ್ಯಾಸ ಇಷ್ಟೇ: ಅವರು ಕಲ್ಲಿನವರು, ಇಷ್ಟು ಕಾಲದಲ್ಲಿ ಒಬ್ಬ ಭಕ್ತನನ್ನೂ ತಡೆದವರಲ್ಲ. ನಾನು ತಡೆದೆ.

ತೊಂಬತ್ತರ ದಶಕದಲ್ಲಿ ನಾನು ಒಂಟಿಕೊಪ್ಪಲಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು. ಹನ್ನೆರಡು ಯಂತ್ರ, ಹನ್ನೆರಡು ಸ್ಟೂಲು, ಗೋಡೆಯ ಮೇಲೆ ಯಾವ ಬೆರಳು ಎಲ್ಲಿರಬೇಕೆಂಬ ಚಿತ್ರ. ಬೆರಳಿಗೆ ಸ್ವಂತ ಬುದ್ಧಿ ಇರಕೂಡದು ಎಂಬುದು ನನ್ನ ಬೋಧನೆಯ ಸಾರ. ಬೆಳಿಗ್ಗೆ ಆರರ ಬ್ಯಾಚಿನಿಂದ ಸಂಜೆ ಏಳರ ಬ್ಯಾಚಿನವರೆಗೆ ಹನ್ನೆರಡು ಯಂತ್ರಗಳ ಗದ್ದಲದ ನಡುವೆ ಕೂತಿರುತ್ತಿದ್ದರಿಂದ ಯಾರೊಂದಿಗೂ ಮಾತಾಡುವ ಅಗತ್ಯ ಬೀಳುತ್ತಿರಲಿಲ್ಲ. ಅದು ನನ್ನ ಸ್ವಭಾವಕ್ಕೆ ಹೊಂದಿತ್ತೋ, ಅದರಿಂದಲೇ ನನ್ನ ಸ್ವಭಾವ ಹಾಗಾಯಿತೋ, ಈಗ ವಿಚಾರಣೆ ನಡೆಸಿ ಪ್ರಯೋಜನವಿಲ್ಲ.

ದಶಕ ಮುಗಿಯುವ ಹೊತ್ತಿಗೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. ಮಾಲೀಕರು ಒಂದು ದಿನ ಯಂತ್ರಗಳಿಗೆಲ್ಲ ಗೋಣಿಚೀಲ ಹೊದಿಸಿ ಹಿಂದಿನ ಕೋಣೆಗೆ ಸಾಗಿಸಿದರು. ಮುಂದಿನ ಕೋಣೆಗೆ ಮೂರು ಕಂಪ್ಯೂಟರು ಬಂದವು.

"ಮೇಷ್ಟ್ರೇ, ಅಕ್ಷರ ಇರೋ ಜಾಗ ಎಲ್ಲಾ ಅದೇ ತಾನೆ? ನೀವೇ ಕಲಿತ್ಬುಟ್ಟು ಹೇಳ್ಕೊಡಿ," ಎಂದರು.

ಕಲಿತೆ, ಒಂದು ಜೆರಾಕ್ಸ್ ಪುಸ್ತಕದಿಂದ. ಜೆರಾಕ್ಸ್ ಮಾಡಿದವನು ಅಲ್ಲಲ್ಲಿ ಎರಡೆರಡು ಪುಟ ಒಟ್ಟಿಗೆ ಮಗುಚಿದ್ದರಿಂದ ನನ್ನ ವಿದ್ಯೆಯಲ್ಲಿ ಇವತ್ತಿಗೂ ಅಲ್ಲಲ್ಲಿ ಎರಡೆರಡು ಪುಟ ಇಲ್ಲ. ಇದ್ದ ಪುಟಗಳ ಬಲದಿಂದಲೇ ಎರಡು ಸಾವಿರದ ಇಸವಿ ಕಳೆಯುವಷ್ಟರಲ್ಲಿ ಊರಿನ ಛತ್ರ, ಟ್ಯೂಷನ್ನು, ಸೀರೆ ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವವನಾದೆ.

ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ಫಾರಂ. ಹೆಸರು, ಊರು, ನಿಮ್ಮ ಸಂದೇಶ ಎಂದು ಖಾಲಿ ಚೌಕಗಳನ್ನಿಟ್ಟು ಬನ್ನಿ ಎಂದರೆ ಲೋಕ ಏನು ಬೇಕಾದರೂ ಬರೆದೀತು. ಫೋನ್ ನಂಬರಿನ ಜಾಗದಲ್ಲಿ "ನಮ್ಮಲ್ಲಿಲ್ಲ, ಪಕ್ಕದ ಮನೆಯಲ್ಲಿದೆ" ಎಂದು ಬರೆದವರಿದ್ದರು. ವಯಸ್ಸಿನ ಜಾಗದಲ್ಲಿ "ನೋಡಿದರೆ ಅಷ್ಟು ಕಾಣುವುದಿಲ್ಲ" ಎಂದು ಬರೆದವರೂ ಇದ್ದರು. ಇವರೆಲ್ಲ ಸಾಧುಗಳು. ಆದರೆ ಕೆಲವು ಚಿಹ್ನೆಗಳನ್ನು ಉಪಾಯವಾಗಿ ಜೋಡಿಸಿ ಬರೆದರೆ ಯಂತ್ರ ಅದನ್ನು ಸಂದೇಶವೆಂದು ಓದದೆ, ಆಜ್ಞೆಯೆಂದು ತಿಳಿದು ಪಾಲಿಸಿಬಿಡುತ್ತದೆ. ಎಲ್ಲಿಯವನೋ ಒಬ್ಬ ಎಲ್ಲಿಂದಲೋ ನಮ್ಮ ಫೈಲುಗಳನ್ನೆಲ್ಲ ಅಳಿಸಿಹೋಗಬಹುದು. ಇಂಥವರನ್ನು ತಡೆಯಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬುದಿದೆ. ಅದೊಂದು ಅಚ್ಚು. ಅಂಕಿಗಳಿದ್ದರೆ ಮಾತ್ರ ಬಿಡು, ಇಂಥಿಂಥ ಚಿಹ್ನೆ ಕಂಡರೆ ಹಿಡಿ ಎಂದು ಒಂದೇ ಸಾಲಿನಲ್ಲಿ ಅಪ್ಪಣೆ ಬರೆದಿಡಬಹುದು. ಆ ಸಾಲು ನೋಡಲು, ಶಾಯಿಯಲ್ಲಿ ಬಿದ್ದೆದ್ದ ಇರುವೆ ಕಾಗದದ ಮೇಲೆ ಮನೆ ಹುಡುಕಿಕೊಂಡು ಹೋದ ಹಾಗಿರುತ್ತದೆ. ಅದನ್ನು ಓದಬಲ್ಲವನು ಒಂಟಿಕೊಪ್ಪಲಿನಲ್ಲಿ ನಾನೊಬ್ಬನೇ ಎಂಬ ಗರ್ವ ನನಗಿತ್ತು. ಹಂಚಿಕೊಳ್ಳಲು ಯಾರೂ ಇಲ್ಲದ್ದರಿಂದ ಗರ್ವ ಖರ್ಚಾಗದೆ ಉಳಿಯಿತು.

ಒಮ್ಮೆ ಮಾತ್ರ ಅದಕ್ಕೆ ಪೆಟ್ಟು ಬಿತ್ತು. ಗೋಕುಲಂನಲ್ಲಿ, ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೋಣೆ ಕೊಡುತ್ತಿದ್ದ ಮನೆಯವರಿಗೆ ಸೈಟು ಮಾಡಿಕೊಟ್ಟಿದ್ದೆ. ಹೆಸರಿನ ಚೌಕದಲ್ಲಿ ಅಕ್ಷರ ಬಿಟ್ಟು ಇನ್ನೇನೂ ಇರಕೂಡದೆಂದು ನನ್ನ ಕಟ್ಟಪ್ಪಣೆ. ಆಗಲೇ ಊರಿಗೆ ಬಂದು ಬೇರೆ ಕಡೆ ಇಳಿದಿದ್ದ ಒಬ್ಬ ಹೆಂಗಸಿನ ಹೆಸರಿನ ನಡುವೆ, ಮೇಲುಗಡೆ, ಉಗುರಿನ ಗೀರಿನಂಥ ಒಂದು ಚಿಹ್ನೆ ಇತ್ತು. ನನ್ನ ಅಚ್ಚು ಆಕೆಗೆ ಹೆಸರೇ ಇಲ್ಲವೆಂದು ತೀರ್ಪು ಕೊಟ್ಟಿತು. ಆಕೆ ಸೈಕಲ್ ಹತ್ತಿ ನಮ್ಮ ಇನ್‌ಸ್ಟಿಟ್ಯೂಟಿಗೇ ಬಂದರು. ಆ ಗೀರು ತಮ್ಮ ಅಜ್ಜನ ಅಜ್ಜನ ಕಾಲದಿಂದ ಅಲ್ಲೇ ಇದೆಯೆಂದೂ, ಅದನ್ನು ತಾವು ತೆಗೆಯುವುದಿಲ್ಲವೆಂದೂ ಹೇಳಿ, ನಾನು ತಿದ್ದಿ ಮುಗಿಸುವವರೆಗೆ ಬಾಗಿಲಿನಿಂದ ಕದಲಲಿಲ್ಲ. ತಿದ್ದಿದೆ. ತಪ್ಪಾದರೆ ಜನ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ನಂಬಿದೆ. ಈ ನಂಬಿಕೆಯೇ ಮುಂದೆ ನನಗೆ ಮುಳುವಾದದ್ದು.

ಇನ್‌ಸ್ಟಿಟ್ಯೂಟಿನಿಂದ ಎರಡು ರಸ್ತೆ ಆಚೆ, ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ತಮ್ಮ ಮನೆಯ ಮುಂಗೋಣೆಯಲ್ಲಿ ವಧೂವರರ ಕೇಂದ್ರ ನಡೆಸುತ್ತಿದ್ದರು. ಹಣೆಯ ತುಂಬ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಗೋಡೆಗೆ ಮಠದ ಕ್ಯಾಲೆಂಡರು. ಮಠಕ್ಕೆ ನಡೆದುಕೊಳ್ಳುವ ನಮ್ಮ ಜನರ ಮನೆತನಗಳೆಲ್ಲ ಅವರ ಬೀರುವಿನಲ್ಲಿ ಅಕಾರಾದಿಯಾಗಿ ಮಲಗಿದ್ದವು.

"ಇಂಟರ್ನೆಟ್ಟಿಗೆ ಹಾಕಿದ್ರೆ ದಾವಣಗೆರೆ ಕಡೆಯೋರೂ ನೋಡ್ತಾರಂತೆ, ಹೌದೇನ್ರೀ ಮೇಷ್ಟ್ರೇ?" ಎಂದು ಕೇಳಿ ನನಗೆ ಕೆಲಸ ಒಪ್ಪಿಸಿದರು. ಒಪ್ಪಿಸುವಾಗ ಬೆರಳೆತ್ತಿ, "ಹೆಣ್ಣುಮಕ್ಕಳ ವಿಷಯ ಕಣ್ರೀ. ಒಬ್ಬ ಪೋಲಿನೂ ಒಳಗೆ ಬರಕೂಡದು," ಎಂದರು.

ವ್ಯವಸ್ಥೆ ಸರಳವಾಗಿತ್ತು. ಸೈಟಿನಲ್ಲಿ ಹೆಸರಿಲ್ಲ, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ನಾಲ್ಕು ಸಾಲು ವಿವರ. ಒಪ್ಪಿಗೆಯಾದವರು ಆ ಸಂಖ್ಯೆ ಹೇಳಿ ಫಾರಂ ತುಂಬಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲ ಅದು. ಬರೆದದ್ದು ಈಮೇಲಾಗಿ ಕೇಂದ್ರಕ್ಕೆ ಬರುತ್ತದೆ. ನಾನು ದಿನಾ ಸಂಜೆ ಅದನ್ನು ಕಾಗದಕ್ಕಿಳಿಸಿ ಒಯ್ದು ಓದಿ ಹೇಳುವುದು, ಅಮ್ಮನವರು ಆಯಾ ಮನೆಗೆ ಫೋನ್ ಮಾಡುವುದು.

ಪೋಲಿಗಳ ವಿಷಯದಲ್ಲಿ ಅವರು ಎತ್ತಿದ ಬೆರಳನ್ನು ನಾನು ಅತ್ಯಂತ ಗಂಭೀರವಾಗಿ ತೆಗೆದುಕೊಂಡೆ. ನನ್ನ ಜೀವಮಾನದ ಅತ್ಯಂತ ಬಿಗಿಯಾದ ಅಚ್ಚನ್ನು ಆ ಫಾರಂಗೆ ಬರೆದೆ. ಅದರಲ್ಲಿ ಮುಖ್ಯ ಶತ್ರು ನಿಂತ ಗೀಟು. ಕೀಬೋರ್ಡಿನ ಬಲ ಮೂಲೆಯಲ್ಲಿ ಯಾರಿಗೂ ಬೇಡದ ಒಂದು ಕೀಯಲ್ಲಿ ಅದು ವಾಸವಾಗಿದೆ. ಈಮೇಲ್ ಕಳಿಸುವ ಆ ಕಾಲದ ನನ್ನ ವ್ಯವಸ್ಥೆಗೆ ಗೀಟೆಂದರೆ, ಮುಂದೆ ಬರೆದಿರುವುದನ್ನು ನಡೆಸಿಕೊಡು ಎಂಬ ಅಪ್ಪಣೆ. ಆದ್ದರಿಂದ ಗೀಟು ಕಂಡ ಸಂದೇಶವನ್ನು ಪೂರ್ತಿಯಾಗಿ ಹಿಡಿದು ಬೇರೊಂದು ಫೈಲಿಗೆ ತಳ್ಳುವಂತೆ ಬರೆದೆ. ಇನ್ನೊಂದು ಜಾಣತನವನ್ನೂ ಮಾಡಿದೆ. ಸಿಕ್ಕಿಬಿದ್ದವನಿಗೆ ಸಿಕ್ಕಿಬಿದ್ದದ್ದು ತಿಳಿಯಬಾರದು. ತಿಳಿದರೆ ಇನ್ನೊಂದು ದಾರಿ ಹುಡುಕುತ್ತಾನೆ. ಹಾಗಾಗಿ ಒಳಗೆ ಬಿಟ್ಟವರಿಗೂ ಹೊರಗೆ ತಳ್ಳಿದವರಿಗೂ ಒಂದೇ ಪುಟ ಕಾಣುತ್ತಿತ್ತು: "ಧನ್ಯವಾದಗಳು." ಹಿಡಿದು ಹಾಕಿದ ಫೈಲನ್ನು ವಾರಕ್ಕೊಮ್ಮೆ ನೋಡಬೇಕೆಂಬ ನಿಯಮವನ್ನೂ ಮಾಡಿಕೊಂಡೆ. ಮೊದಲೆರಡು ವಾರ ನೋಡಿದೆ. ಬರೀ ಹೊಲಸಿತ್ತು. ಸರಿ, ಅಚ್ಚು ಕೆಲಸ ಮಾಡುತ್ತಿದೆ ಎಂದು ಮುಚ್ಚಿದವನು ಮತ್ತೆ ತೆರೆಯಲಿಲ್ಲ.

ಸೈಟು ಶುರುಮಾಡುವ ದಿನ ಅಮ್ಮನವರು, "ಮೊದಲ್ನೇ ನಂಬರು ನಿಮ್ದೇ ಹಾಕಿ," ಎಂದರು.

"ನಂದ್ಯಾಕಮ್ಮ? ಪರೀಕ್ಷೆಗೆ ಯಾವ್ದಾದ್ರೂ ಸುಳ್ಳು ವಿವರ ಹಾಕ್ತೀನಿ."

"ಶುಭಕಾರ್ಯದ ಮೊದಲ್ನೇ ಸಾಲೇ ಸುಳ್ಳು ಬರೀತೀರಾ? ಮೂವತ್ತೊಂಬತ್ತಾಯ್ತಲ್ರೀ ನಿಮ್ಗೆ. ಸುಮ್ನೆ ಹಾಕ್ರೀ."

ಹಾಕಿದೆ. "ಸಂಖ್ಯೆ ಒಂದು. ವಯಸ್ಸು ಮೂವತ್ತೊಂಬತ್ತು. ಟೈಪಿಂಗ್ ಮೇಷ್ಟ್ರು, ಈಗ ಕಂಪ್ಯೂಟರು. ಹಿನಕಲ್‌ನಲ್ಲಿ ಬಾಡಿಗೆ ಕೋಣೆ. ಮಾತು ಕಡಿಮೆ. ಅಡುಗೆ ಬರುತ್ತದೆ, ಸಾರಿಗೆ ಉಪ್ಪು ಹಾಕಿದ್ದು ಮರೆತು ಎರಡನೆಯ ಸಲ ಹಾಕುವುದುಂಟು." ಪರೀಕ್ಷೆ ಮುಗಿದ ಮೇಲೆ ಅದನ್ನು ಅಳಿಸಬೇಕಾಗಿತ್ತು. ತಾಂತ್ರಿಕ ಕಾರಣಗಳಿಂದ ಅಳಿಸಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ತಾಂತ್ರಿಕ ಕಾರಣ ಏನೆಂದರೆ, ಯಾರಾದರೂ ಬರೆದಾರೇನೋ ಎಂದು.

ಹಿನಕಲ್ ಆಗಿನ್ನೂ ಅರ್ಧ ಊರು, ಅರ್ಧ ಬಡಾವಣೆ. ನನ್ನ ಕೋಣೆಯ ಒಂದು ಕಿಟಕಿಯಿಂದ ಹಸುವಿನ ಕೊಟ್ಟಿಗೆ ಕಾಣುತ್ತಿತ್ತು, ಇನ್ನೊಂದರಿಂದ ಹೊಸ ಕಾಂಪ್ಲೆಕ್ಸಿನ ಕಂಬಿಗಳು. ಒಂದು ಸ್ಟೌ, ಎರಡು ಪಾತ್ರೆ, ಒಂದು ತಟ್ಟೆ. ತಟ್ಟೆ ಒಂದೇ ಇದ್ದರೆ ಅನುಕೂಲ ಬಹಳ. ಊಟವಾದ ತಕ್ಷಣ ತೊಳೆಯಲೇಬೇಕು. ಭಾನುವಾರ ಇನ್‌ಸ್ಟಿಟ್ಯೂಟಿಗೆ ರಜೆ. ಶನಿವಾರ ಸಂಜೆ ಬಸ್ಸಿನ ಕಂಡಕ್ಟರಿಗೆ "ಹಿನಕಲ್ ಒಂದು" ಎಂದದ್ದೇ ಕೊನೆ; ಮತ್ತೆ ನನ್ನ ದನಿ ನನಗೆ ಕೇಳಿಸುತ್ತಿದ್ದದ್ದು ಸೋಮವಾರ ಬೆಳಿಗ್ಗೆ "ಒಂಟಿಕೊಪ್ಪಲ್ ಒಂದು" ಎಂದಾಗಲೇ. ನಡುವೆ ಸಾರು. ಕುದಿಯುವಾಗ ಉಪ್ಪು ಹಾಕಿ, ಕಿಟಕಿಯ ಹತ್ತಿರ ಹೋಗಿ ನಿಂತು, ಏನನ್ನೋ ನೋಡುತ್ತಿದ್ದು, ಬಂದು ಮತ್ತೆ ಉಪ್ಪು ಹಾಕುತ್ತಿದ್ದೆ. ಆಮೇಲೆ ಅದನ್ನು ಸರಿದೂಗಿಸಲು ಅನ್ನ ಜಾಸ್ತಿ ಕಲಸಿಕೊಂಡು ಉಣ್ಣುತ್ತಿದ್ದೆ. ಬಯ್ಯೋಣವೆಂದರೆ ಅಡುಗೆಯವನು ನಾನೇ.

ಸಂಜೆ ಕೇಂದ್ರದಲ್ಲಿ ಕೂತು ಓದುವುದು ನಡೆದೇ ಇತ್ತು. ಹದಿನಾಲ್ಕನೇ ನಂಬರಿಗೆ ಮೂರು ಬಂದಿವೆ, ಇಪ್ಪತ್ತೆರಡಕ್ಕೆ ಒಂದು. ಕೊನೆಯಲ್ಲಿ ಅಮ್ಮನವರು ಕನ್ನಡಕದ ಮೇಲಿನಿಂದ ನೋಡಿ, "ಒಂದನೇ ನಂಬರಿಗೆ?" ಎನ್ನುತ್ತಿದ್ದರು.

"ಇಲ್ಲಮ್ಮ."

"ಬರುತ್ತೆ ಬಿಡಿ."

ನಾಲ್ಕು ತಿಂಗಳು ಹೀಗೆ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಕೇಳುತ್ತಿದ್ದಾಗ ಸಂಕೋಚವಾಗುತ್ತಿತ್ತು, ಕೇಳದೆ ಬಿಟ್ಟ ಮೇಲೆ, ಕಾಗದ ಮಡಿಸಿಟ್ಟು ಏಳುವ ಹೊತ್ತಿಗೆ, ಆ ಪ್ರಶ್ನೆ ಬರುತ್ತಿದ್ದ ಜಾಗದಲ್ಲಿ ನಾನು ಸುಮ್ಮನೆ ಒಂದು ಗಳಿಗೆ ಕೂತಿರುತ್ತಿದ್ದೆ.

ಅವರ ತಕರಾರು ಬೇರೆಯದಾಗಿತ್ತು. "ಏನ್ರೀ ಮೇಷ್ಟ್ರೇ ಇವು! 'ಹುಡುಗಿ ಫೋಟೋ ಕಳ್ಸಿ' ಅಂತೆ. 'ಹೈಟ್ ಎಷ್ಟು' ಅಂತೆ. ಒಂದು ನಮಸ್ಕಾರ ಇಲ್ಲ, ಕ್ಷೇಮ ಇಲ್ಲ, ಎತ್ತು ಕೊಳ್ಳೋಕೆ ಬಂದವ್ರ ಥರ. ಮನೆತನಸ್ಥರು ಯಾರೂ ಕಂಪ್ಯೂಟರ್ ಮುಟ್ಟೋದೇ ಇಲ್ವೇನ್ರೀ?"

"ಕಾಲ ಹಾಗಿದೆ ಅಮ್ಮ," ಎಂದೆ, ಕಾಲದ ಪರವಾಗಿ ಕ್ಷಮೆ ಕೇಳುವ ಮುಖ ಮಾಡಿ.

ಹೆಚ್ಚುಕಡಿಮೆ ವರ್ಷ ತುಂಬುವ ಹೊತ್ತಿಗೆ ಅವರ ಸಹನೆ ಮುಗಿಯಿತು. ಒಂದು ಮಧ್ಯಾಹ್ನ ಕೊಡೆ ಊರಿಕೊಂಡು ಇನ್‌ಸ್ಟಿಟ್ಯೂಟಿಗೆ ಬಂದು ನನ್ನ ಕುರ್ಚಿಯಲ್ಲೇ ಕೂತರು.

"ಸಂಬಂಧ ಕೇಳಿ ಕಾಗದ ಬರೆಯೋದು ಹೇಗೆ ಅಂತ ನಾನೇ ಒಂದು ಬರೆದು ತೋರಿಸ್ತೀನಿ. ಮಾದರಿ ಅಂತ ಸೈಟಲ್ಲಿ ಹಾಕಿ. ನೋಡಿ ಕಲೀಲಿ."

ಮೂವತ್ತು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದ ಕೈ. ತೋರುಬೆರಳು ಕೀಬೋರ್ಡಿನ ಮೇಲೆ ಒಂದು ಸುತ್ತು ಹೊಡೆದು ಗಾಳಿಯಲ್ಲಿ ನಿಂತಿತು.

"ಗೀಟು ಎಲ್ಲಿದೆ?"

"ಯಾವ ಗೀಟಮ್ಮ?"

"ಶ್ರೀಕಾರಕ್ಕೆ ಕಣ್ರೀ. ಆ ಕಡೆ ಎರಡು, ಈ ಕಡೆ ಎರಡು. ಶ್ರೀಕಾರ ಇಲ್ದೆ ಶುರುಮಾಡೋಕೆ ಇದೇನು ಸಾವಿನ ಕಾಗದವೇ?"

ತೋರಿಸಲೆಂದು ಬಲ ಮೂಲೆಯ ಆ ಕೀಯತ್ತ ಹೋದ ನನ್ನ ಬೆರಳು ಅದರ ಮೇಲೇ ನಿಂತುಬಿಟ್ಟಿತು. ಬೆರಳಿಗೆ ಸ್ವಂತ ಬುದ್ಧಿ ಇರಕೂಡದೆಂದು ಹತ್ತು ವರ್ಷ ಪಾಠ ಹೇಳಿದವನ ಬೆರಳು ಅವನಿಗಿಂತ ಮೊದಲೇ ವಿಷಯ ತಿಳಿದುಕೊಂಡಿತ್ತು.

ಅಮ್ಮನವರು ಒಂದೊಂದೇ ಅಕ್ಷರ ಹೆಕ್ಕಿ ಮಾದರಿ ಪತ್ರ ಮುಗಿಸಿದರು. ||Shri||, ಅದರ ಕೆಳಗೆ ಕ್ಷೇಮಸಮಾಚಾರ, ಆಮೇಲೆ ವಿಷಯ. ಕಳಿಸಿದರು. "ಧನ್ಯವಾದಗಳು" ಎಂದು ಬಂತು.

"ತಲುಪ್ತಾ?"

ಈಮೇಲ್ ತೆರೆದೆ. ಇರಲಿಲ್ಲ.

"ಮತ್ತೆ ಎಲ್ಲಿಗೆ ಹೋಯ್ತು?"

ಒಂದು ವರ್ಷದಿಂದ ಮುಟ್ಟದಿದ್ದ ಆ ಫೈಲನ್ನು ತೆರೆದೆ. ಕೊನೆಯಲ್ಲಿ ಅವರ ಪತ್ರ ಕೂತಿತ್ತು. ಅದರ ಮೇಲೆ, ಹೊಲಸಿನ ನಡುನಡುವೆ, ಪುಟಗಟ್ಟಲೆ ಕಾಗದಗಳು. ||Shri||. ||Om Namah Shivaya||. ದಾವಣಗೆರೆಯ ತಂದೆ, ಚಿತ್ರದುರ್ಗದ ಸೋದರಮಾವ, ಗುಂಡ್ಲುಪೇಟೆಯ ನಿವೃತ್ತ ಮೇಷ್ಟ್ರು. ತಾವೆಲ್ಲರೂ ಕ್ಷೇಮವೆಂದು ನಂಬುತ್ತೇವೆ, ತಮ್ಮ ಕೇಂದ್ರದ ಸೇವೆ ದೊಡ್ಡದು, ನಮ್ಮ ಹುಡುಗಿಯ ವಿಷಯವಾಗಿ ಅರಿಕೆ. ಅಷ್ಟು ಮರ್ಯಾದಸ್ಥರು ಒಂದೇ ಕಡೆ ಸೇರಿದ್ದನ್ನು ನಾನು ಮದುವೆ ಮನೆಯಲ್ಲೂ ಕಂಡಿರಲಿಲ್ಲ. ಅವರ ಮರ್ಯಾದೆಯ ಗುರುತನ್ನೇ ಗುರುತುಹಿಡಿದು ಎಲ್ಲರನ್ನೂ ಒಳಗೆ ಹಾಕಿದ್ದೆ. ನಮಸ್ಕಾರವಿಲ್ಲದೆ ಫೋಟೋ ಕೇಳಿದವರನ್ನು ಬಾಗಿಲು ತೆರೆದು ಸ್ವಾಗತಿಸಿದ್ದೆ.

"ಇಷ್ಟು ಜನದಲ್ಲಿ ಒಬ್ರೂ ಬಂದು ಕೇಳ್ಲಿಲ್ವಲ್ಲಮ್ಮ," ಎಂದೆ.

"ಏನಂತ ಕೇಳ್ತಾರ್ರೀ? ಸಂಬಂಧ ಕೇಳಿ ಬರೆದಿದ್ದಾರೆ. ಧನ್ಯವಾದ ಅಂತ ಬಂತು, ಆಮೇಲೆ ಮಾತಿಲ್ಲ. ಬೇಡ ಅಂದ್ರು ಅಂತ ತಾನೆ ಅಂದ್ಕೊಳ್ಳೋದು? ಯಾಕೆ ಬೇಡ ಅಂದ್ರಿ ಅಂತ ಮರ್ಯಾದಸ್ಥರು ಕೇಳ್ತಾರಾ?"

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, "ಎಲ್ಲಾನೂ ಪ್ರಿಂಟ್ ತೆಗೀರಿ," ಎಂದು ಎದ್ದರು.

ನಾಲ್ಕು ದಿನ ಅವರ ಮುಂಗೋಣೆಯಲ್ಲಿ ಕೂತು ಒಂದೊಂದೇ ಮನೆಗೆ ಫೋನ್ ಮಾಡಿದೆವು. ಕೆಲವರಿಗೆ ಮದುವೆಯಾಗಿತ್ತು. ಕೆಲವರು ಪರವಾಗಿಲ್ಲ ಬಿಡಿ ಎಂದರು. ಗುಂಡ್ಲುಪೇಟೆಯ ಮೇಷ್ಟ್ರು ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಹಾಗಾದ್ರೆ ನಿಮ್ಮ ಕಂಪ್ಯೂಟರು ನಾಸ್ತಿಕ ಅನ್ನಿ," ಎಂದು ತೀರ್ಮಾನ ಹೇಳಿದರು. ಎರಡು ಮೂರು ಸಂಬಂಧಗಳು ಮತ್ತೆ ಮಾತಿಗೆ ಬಂದವು ಎಂಬುದು ನನ್ನ ಪಾಲಿನ ಸಮಾಧಾನ.

ಎರಡನೆಯ ದಿನ, ಕಾಗದಗಳನ್ನು ಓದಿ ವಿಂಗಡಿಸುತ್ತಿದ್ದ ಅಮ್ಮನವರು ಮೂರು ಹಾಳೆಗಳನ್ನು ಬೇರೆಯಾಗಿ ತೆಗೆದು ನನ್ನ ಮುಂದಿಟ್ಟರು.

"ಇದು ಒಂದನೇ ನಂಬರಿಂದು. ನಾನು ಕಾಫಿ ಮಾಡ್ತೀನಿ," ಎಂದು ಒಳಗೆ ಹೋದರು. ಆ ಮನೆಯಲ್ಲಿ ಕಾಫಿ ನಾಲ್ಕಕ್ಕೆ. ಆಗ ಗಂಟೆ ಎರಡೂವರೆ.

ಬರೆದವರು ಹಾಸನದ ಕಡೆಯ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವವರು. ವಯಸ್ಸು ಮೂವತ್ತಾರು. ಮನೆಯಲ್ಲಿ ಬರೆದುಕೊಡುವ ಹಿರಿಯರಿಲ್ಲ, ಆದ್ದರಿಂದ ತಾನೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬಾರದು ಎಂದಿತ್ತು. ಕೊನೆಯಲ್ಲಿ ಹೀಗೆ ಬರೆದಿದ್ದರು: "ಸಾರಿಗೆ ಎರಡು ಸಲ ಉಪ್ಪು ಬೀಳುವುದು ಮರೆವಿನಿಂದ ಅಲ್ಲ. ಎದುರಿಗೆ ಕೂತು, ಆಗಲೇ ಹಾಕಿದಿರಿ ಎಂದು ಹೇಳುವವರು ಇಲ್ಲದಿರುವುದರಿಂದ. ನನ್ನದೂ ಹಾಗೇ ಆಗುತ್ತದೆ."

ಎರಡನೆಯದು ಒಂದು ತಿಂಗಳ ನಂತರದ್ದು. ಹಿಂದೆ ಬರೆದದ್ದು ತಲುಪಿತೋ ಇಲ್ಲವೋ ತಿಳಿಯದು, ಅದಕ್ಕೇ ಮತ್ತೊಮ್ಮೆ, ಎಂದು. ಮೂರನೆಯದು ಎರಡೇ ಸಾಲು: ತೊಂದರೆ ಕೊಟ್ಟಿದ್ದರೆ ಕ್ಷಮಿಸಬೇಕು, ಸಂಖ್ಯೆ ಒಂದರವರಿಗೆ ಒಳ್ಳೆಯದಾಗಲಿ. ಮೂರರ ತಲೆಯ ಮೇಲೂ ಶ್ರೀಕಾರ. ಅದರ ಆಚೀಚೆ ಎರಡೆರಡು ಗೀಟು, ಕಾವಲಿಗೆ ನಿಂತ ಹಾಗೆ.

ಕಾಫಿ ಬಂತು. ಕುಡಿದೆ.

ಉಳಿದವರೆಲ್ಲರಿಗೂ ಫೋನ್ ಮುಗಿಯುವವರೆಗೆ ಇದನ್ನು ಮುಂದೂಡಿದೆ. ನಾಲ್ಕನೆಯ ದಿನ ಅಮ್ಮನವರು ಪಟ್ಟಿಯ ಮೇಲೆ ಪೆನ್ನಾಡಿಸಿ, "ಎಲ್ಲಾರ್ಗೂ ಆಯ್ತು. ಇನ್ನೊಂದು ಉಳಿದಿದೆ," ಎಂದರು.

"ಹನ್ನೊಂದು ತಿಂಗಳಾಯ್ತಮ್ಮ."

"ಇನ್ನೆರಡು ದಿನ ಕಾದ್ರೆ ಕಮ್ಮಿ ಆಗುತ್ತೇನ್ರೀ?" ಎಂದು ಫೋನನ್ನು ನನ್ನ ಕಡೆ ತಳ್ಳಿ, ತಾವು ಬೀರುವಿನೊಳಗೆ ತಲೆ ತೂರಿಸಿ, ಆಗಲೇ ಜೋಡಿಸಿದ್ದ ಫೈಲುಗಳನ್ನು ಮತ್ತೆ ಜೋಡಿಸತೊಡಗಿದರು.

ಕಾಗದದಲ್ಲಿದ್ದದ್ದು ಕಾಲೇಜಿನ ನಂಬರು. ಮೂರು ಸಲ ರಿಂಗಾಯಿತು.

"ಹಲೋ, ಲೈಬ್ರರಿ," ಎಂದಿತು ಒಂದು ಹೆಣ್ಣುದನಿ.

ಕೇಂದ್ರದ ಹೆಸರು ಹೇಳಿದೆ.

"ನಾನು... ಸಂಖ್ಯೆ ಒಂದು," ಎಂದೆ. ಜೈಲಿನಿಂದ ಮಾತಾಡಿದ ಹಾಗೆ ನನಗೇ ಕೇಳಿಸಿತು.

ಕುರ್ಚಿ ಸರಿದ ಸದ್ದು. "ಸಾರಿನವ್ರಾ?"

"ಹೌದು."

"ಅಯ್ಯೋ," ಎಂದರು. ಆಮೇಲೆ, "ಹೇಳಿ," ಎಂದರು.

"ನಿಮ್ಮ ಕಾಗದ ಮೊನ್ನೆ ಸಿಕ್ತು. ಮೂರೂ."

"ಮೊನ್ನೆನಾ? ಕಂಪ್ಯೂಟರಲ್ಲಿ ಕಳ್ಸಿದ್ದು ಕಣ್ರೀ ನಾನು, ಪೋಸ್ಟಲ್ಲಲ್ಲ."

ರೆಗ್ಯುಲರ್ ಎಕ್ಸ್‌ಪ್ರೆಶನ್ನನ್ನು ನಾನು ಆಮೇಲೆ ಎಷ್ಟೋ ಜನರಿಗೆ ಗಂಟೆಗಟ್ಟಲೆ ವಿವರಿಸಿದ್ದೇನೆ. ಅವತ್ತಿನಷ್ಟು ಚಿಕ್ಕದಾಗಿ ಎಂದೂ ವಿವರಿಸಿಲ್ಲ. "ಶ್ರೀಕಾರದ ಪಕ್ಕ ಇರೋ ಗೀಟು ನೋಡಿ ಕಳ್ಳರು ಅಂದ್ಕೊಂಡ್ಬುಟ್ಟೆ," ಎಂದೆ.

ಅವರು ನಕ್ಕರು. ಲೈಬ್ರರಿಯಲ್ಲಿ ನಗಬಾರದು ಎಂದು ನೆನಪಾದವರ ಹಾಗೆ ನಗು ಅರ್ಧಕ್ಕೆ ನಿಂತಿತು.

"ಆ ಗೀಟು ಹುಡುಕೋಕೆ ಎಷ್ಟೊತ್ತು ಒದ್ದಾಡಿದ್ದೆ ಗೊತ್ತಾ? ಸೈಬರ್ ಕೆಫೆಯವ್ರನ್ನ ಕರೆದು ತೋರಿಸ್ಕೊಂಡೆ."

"ಒಂದ್ಸಲ ಹಾಕೋದು ಮರ್ತಿದ್ರೂ ತಲುಪಿರೋದು."

"ನಾನು ಮರೆಯೋಳಲ್ಲ. ಮೊದಲ್ನೇದಕ್ಕೆ ಉತ್ತರ ಬರ್ಲಿಲ್ಲ ಅಂತ ಎರಡ್ನೇ ಸಲ ಇನ್ನೂ ನೀಟಾಗಿ ಹಾಕ್ದೆ."

ಬೀರುವಿನ ಕಡೆಯಿಂದ ಸದ್ದು ನಿಂತಿತ್ತು.

"ನಂಗೆ ಮಾಘದಲ್ಲಿ ಮದುವೆ ಆಯ್ತು," ಎಂದರು.

"ಒಳ್ಳೇದಾಯ್ತು," ಎಂದೆ. ಆ ಚೌಕದಲ್ಲಿ ಅದಲ್ಲದೆ ಇನ್ನೇನೂ ಹಿಡಿಯುತ್ತಿರಲಿಲ್ಲ.

"ಒಳ್ಳೆಯವ್ರೇ. ಆದ್ರೆ ಬೀಪಿ. ಸಾರಿಗೆ ಉಪ್ಪೇ ಹಾಕೋ ಹಂಗಿಲ್ಲ." ಈ ಸಲ ನಗಲಿಲ್ಲ, ಆದರೆ ನಾನು ನಗಬಹುದು ಎಂಬಂತಿತ್ತು ದನಿ. "ನಿಮ್ದು?"

"ಹಂಗೇ ಇದೆ. ಎರಡು ಸಲ."

"ಉಪ್ಪಿನ ಡಬ್ಬಿ ಒಲೆ ಪಕ್ಕಾನೇ ಇಟ್ಕೊಂಡಿರ್ತೀರಿ, ಅಲ್ವಾ? ಹಾಕಿದ್ಮೇಲೆ ತೆಗೆದು ಕಿಟಕಿ ಮೇಲಿಡಿ. ಒಲೆ ಪಕ್ಕ ಜಾಗ ಖಾಲಿ ಇದ್ರೆ, ಹಾಕಾಯ್ತು ಅಂತ ಗೊತ್ತಾಗುತ್ತೆ. ನಾನು ಹಂಗೇ ಮಾಡ್ತಿದ್ದೆ."

"ಆಗ್ಲಿ," ಎಂದೆ.

"ಇನ್ನೊಂದು. ನಮ್ಮನೆಯವ್ರೂ ಕಂಪ್ಯೂಟರ್ ಕಲೀತಿದ್ದಾರೆ. ಆ ಮೂರನ್ನೂ ತೆಗೆದ್ಬಿಡ್ತೀರಾ?"

ಅವರ ಮನೆಯವರು ಎಷ್ಟೇ ಕಲಿತರೂ ಒಂಟಿಕೊಪ್ಪಲಿನ ನನ್ನ ಫೈಲಿನವರೆಗೆ ಬರಲಾರರು ಎಂದು ಹೇಳಬಹುದಾಗಿತ್ತು. "ಇವತ್ತೇ ತೆಗೀತೀನಿ," ಎಂದೆ. ಇಡುವ ಮೊದಲು ಅವರು "ಧನ್ಯವಾದ" ಎಂದರು. ಅದರ ನಂತರ ಯಾವ ಕಡೆಯಿಂದಲೂ ಮಾತಿರಲಿಲ್ಲ.

ಸಂಜೆ ಇನ್‌ಸ್ಟಿಟ್ಯೂಟಿಗೆ ಹೋಗಿ ಆ ಮೂರನ್ನೂ ಅಳಿಸಿದೆ. ಅಳಿಸುವ ಮೊದಲು "ಖಚಿತವೇ?" ಎಂದು ಒಮ್ಮೆ ಕೇಳುವಂತೆ ನಾನೇ ಹಿಂದೆ ಬರೆದಿಟ್ಟಿದ್ದೆ. ಕೇಳಿತು. ಹೌದೆಂದೆ. ಆಮೇಲೆ ಅಚ್ಚಿನಿಂದ ಗೀಟನ್ನು ತೆಗೆದುಹಾಕಿ, ಯಾರು ಏನು ಬರೆದರೂ ಯಂತ್ರ ಅದನ್ನು ಬರಹವೆಂದೇ ತಿಳಿಯುವ ಹಾಗೆ ಒಳಗಿನ ವ್ಯವಸ್ಥೆಯನ್ನೇ ಬದಲಿಸಿದೆ. ಆ ದಾರಿ ಮೊದಲಿಂದಲೂ ಇತ್ತಂತೆ. ನನ್ನ ಜೆರಾಕ್ಸಿನಲ್ಲಿ ಇಲ್ಲದ ಎರಡು ಪುಟಗಳಲ್ಲಿದ್ದಿರಬೇಕು. ಅಮ್ಮನವರ ಆದೇಶದಂತೆ ಫಾರಂನ ನೆತ್ತಿಯ ಮೇಲೆ ಶ್ರೀಕಾರವನ್ನು ಗೀಟು ಸಮೇತ ಮೊದಲೇ ಅಚ್ಚುಹಾಕಿಸಿದೆ, ಯಾರೂ ಕೀ ಹುಡುಕಿ ಒದ್ದಾಡದಿರಲೆಂದು. ಸಂಖ್ಯೆ ಒಂದನ್ನೂ ತೆಗೆದೆ. ಉಳಿದವರ ನಂಬರು ಬದಲಿಸಿದರೆ ಗೊಂದಲವಾಗುತ್ತದೆಂದು ಹಾಗೇ ಬಿಟ್ಟದ್ದರಿಂದ, ಆ ಸೈಟು ಇರುವಷ್ಟು ಕಾಲವೂ ಎರಡರಿಂದಲೇ ಶುರುವಾಗುತ್ತಿತ್ತು. ಒಂದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆ ಮೂರು ಹಾಳೆಗಳು ಬೀರುವಿನಲ್ಲಿ ಯಾವ ಅಕ್ಷರದ ಕೆಳಗೆ ಸೇರಿದವೋ, ನಾನೂ ಕೇಳಲಿಲ್ಲ.

ಆಮೇಲೆ ಎಷ್ಟೋ ಫಾರಂಗಳನ್ನು ಮಾಡಿದ್ದೇನೆ. ಪ್ರತಿಯೊಂದಕ್ಕೂ ಮೊದಲ ಪರೀಕ್ಷೆಗೆ ನಾನೇ ಶ್ರೀಕಾರ ಹಾಕಿ, ಆಚೀಚೆ ಎರಡೆರಡು ಗೀಟು ಎಳೆದು, ಕ್ಷೇಮ ಕೇಳಿ ಒಂದು ಕಾಗದ ಬರೆಯುತ್ತೇನೆ. ತಪ್ಪದೆ ಬಂದು ತಲುಪುತ್ತದೆ. ತೆರೆದು ಓದುತ್ತೇನೆ.

ಫೋನ್ ಮಾಡಿದ ದಿನ ಹಿನಕಲ್‌ಗೆ ಬಂದು ಸಾರಿಗಿಟ್ಟೆ. ಕುದಿ ಬಂದಾಗ ಉಪ್ಪು ಹಾಕಿ, ಡಬ್ಬಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಹಲಗೆಯ ಮೇಲಿಟ್ಟು, ಕೊಟ್ಟಿಗೆಯ ಹಸುವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತೆ. ತಿರುಗಿ ಬಂದಾಗ ಒಲೆಯ ಪಕ್ಕ ಡಬ್ಬಿ ಇಟ್ಟಿದ್ದ ಜಾಗದಲ್ಲಿ ದುಂಡನೆಯ ಒಂದು ಗುರುತು ಮಾತ್ರ ಇತ್ತು. ಸಾರು ಹದವಾಗಿತ್ತು.